ಬೇಹುಗಾರನ ಸಂಸಾರ

ಈಗ ವಿಜಯನಗರ ಜಿಲ್ಲೆಗೆ ಸೇರಿರುವ, ಮೊದಲು ಬಳ್ಳಾರಿ ಸೀಮೆಯ ಪಡುವಣ ತಾಲ್ಲೂಕುಗಳೆನಿಸಿದ್ದ ಪ್ರದೇಶದಲ್ಲಿ ಒಂದು ಮಾತು ಬಹುಕಾಲದಿಂದ ರೂಢಿಯಲ್ಲಿದೆ: ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಕಡೆಯ ಜನ ದಾರಿಹೋಕರಿಗೆ ಊರಿನ ಗುರುತು ಹೇಳುವಷ್ಟು ಸಹಜವಾಗಿ ಇದನ್ನು ಹೇಳಿಬಿಡುತ್ತಾರೆ. ಹಂಪೆಯ ವೈಭವ ಬಯಲಿನದು, ದೂರದಿಂದಲೇ ಕಣ್ತುಂಬುವಂಥದು. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯಾದರೋ ಒಳಹೊಕ್ಕವನಿಗೆ ಮಾತ್ರ ತನ್ನನ್ನು ತೋರಿಕೊಳ್ಳುವುದು. ಒಳಗಿನ ಮಬ್ಬಿಗೆ ಕಣ್ಣು ಪಳಗಿದ ಮೇಲೆ ಕಲ್ಲಿನ ಕುಸುರಿ ಮೆಲ್ಲಮೆಲ್ಲಗೆ ಎದ್ದು ಬರುತ್ತದೆ. ಸೋಜಿಗವೆಂದರೆ, ಒಳಗೆ ನೋಡೆಂದು ಹೆಸರಾದ ಇದೇ ಗುಡಿಯಲ್ಲಿ ಜನ ಸಾವಿರಗಟ್ಟಲೆ ನೆರೆಯುವುದು ಹೊರಗಿನದನ್ನು ನೋಡುವುದಕ್ಕೆ. ಶಿಖರದ ಮೇಲೆ ಎಣ್ಣೆ ಎರೆಯುವ ತೈಲಾಭಿಷೇಕವೇ ಅಲ್ಲಿಯ ದೊಡ್ಡ ಉತ್ಸವ. ಎಲ್ಲರೂ ತಲೆ ಎತ್ತಿ ನಿಂತಿರುತ್ತಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಗಾದೆಯೊಂದು ದಾರಿ, ಜನರ ಕಣ್ಣೊಂದು ದಾರಿ ಎಂದಷ್ಟೆ.

ಈ ಗಾದೆ ಈಚೆಗೆ ನನಗೆ ನೆನಪಾದದ್ದು ಗುಡಿಯ ವಿಚಾರದಲ್ಲಲ್ಲ, ಕಿರುತೆರೆಯ ಒಂದು ಗೂಢಚಾರ ಕಥೆಯ ವಿಚಾರದಲ್ಲಿ. 'ದಿ ಫ್ಯಾಮಿಲಿ ಮ್ಯಾನ್' ಎಂಬ ಹಿಂದಿ ಧಾರಾವಾಹಿಯನ್ನು ನಮ್ಮಲ್ಲಿಯೂ ಹಲವು ಮನೆಗಳಲ್ಲಿ ನೋಡಿರುವರು. ಅಮೆಜಾನ್ ಪ್ರೈಮ್ ಅದರ ಮೊದಲ ಭಾಗವನ್ನು ೨೦೧೯ರ ಸೆಪ್ಟೆಂಬರಿನಲ್ಲಿಯೂ ಎರಡನೆಯದನ್ನು ೨೦೨೧ರ ಜೂನಿನಲ್ಲಿಯೂ ಮೂರನೆಯದನ್ನು ೨೦೨೫ರ ನವೆಂಬರಿನಲ್ಲಿಯೂ ಹೊರತಂದಿತು. ರಾಜ್ ನಿಡಿಮೋರು, ಕೃಷ್ಣ ಡಿ. ಕೆ. ಎಂಬ ಜೋಡಿ ಅದನ್ನು ಹೆಣೆದವರು. ಕಥಾನಾಯಕ ಶ್ರೀಕಾಂತ ತಿವಾರಿ ಮುಂಬಯಿಯ ಮಧ್ಯಮ ವರ್ಗದ ಗೃಹಸ್ಥ. ಹೆಂಡತಿ, ಇಬ್ಬರು ಮಕ್ಕಳು, ಸ್ವಂತ ಮನೆಯ ಆಸೆ, ಸಾಲದ ಚಿಂತೆ. ಮಕ್ಕಳ ಕಣ್ಣಿಗೆ ಅಪ್ಪನೆಂದರೆ ಫೈಲು ತಿರುವುವ ಸರ್ಕಾರಿ ನೌಕರ. ನಿಜದಲ್ಲಿ ಆತ ಭಯೋತ್ಪಾದಕರ ಜಾಡು ಹಿಡಿಯುವ ಒಂದು ಕಲ್ಪಿತ ಗುಪ್ತದಳದ ಅಧಿಕಾರಿ. ಬಂದೂಕು ಹಿಡಿದು ಓಡುತ್ತಿರುವಾಗಲೇ ಮನೆಯಿಂದ ಫೋನು ಬರುವುದು, ಆತ ಉಸಿರು ಬಿಗಿಹಿಡಿದು ಸುಳ್ಳು ಹೇಳುವುದು, ಇದೇ ಕಥೆಯ ಮುಖ್ಯ ವಿನೋದ. ಶ್ರೀಕಾಂತನ ಪಾತ್ರ ಮನೋಜ್ ಬಾಜಪೇಯಿಯವರದು. ಹೆಂಡತಿ ಸುಚಿತ್ರಾ, ಮನೆಮಾತಿನಲ್ಲಿ ಸುಚಿ; ಆ ಪಾತ್ರ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಪ್ರಿಯಾಮಣಿಯವರದು.

ಬೇಹುಗಾರನಿಗೆ ಸಂಸಾರ ಕಟ್ಟಿದ್ದೇ ಈ ಕಥೆಯ ಹೊಸತನವೆಂದು ವಿಮರ್ಶಕರು ಹೊಗಳಿದರು. ತೆರೆಯ ಮಟ್ಟಿಗೆ ಆ ಮಾತು ಬಹುಮಟ್ಟಿಗೆ ನಿಜ. ಕನ್ನಡದ ಬೆಳ್ಳಿತೆರೆಗೆ ಗೂಢಚಾರನನ್ನು ತಂದವರು ದೊರೈ–ಭಗವಾನ್. ೧೯೬೮ರ 'ಜೇಡರ ಬಲೆ', ಅದರ ಬೆನ್ನಿಗೇ ಬಂದ 'ಗೋವಾದಲ್ಲಿ ಸಿ.ಐ.ಡಿ. ೯೯೯' ಚಿತ್ರಗಳಲ್ಲಿ ರಾಜ್‌ಕುಮಾರರು ಆಡಿದ ಆ ಪತ್ತೇದಾರನಿಗೆ ಬಾಡಿಗೆಯ ಚಿಂತೆಯಿಲ್ಲ, ಸಂಜೆಗೆ ತರಕಾರಿ ತರುವ ಹೊಣೆಯಿಲ್ಲ. ಅವನು ಬರುವನು, ಗೆಲ್ಲುವನು, ಹೋಗುವನು. ಎಲ್ಲಿಗೆ ಹೋಗುವನೆಂದು ಕೇಳುವ ಗೊಡವೆ ನಮಗಿರಲಿಲ್ಲ.

ಆದರೆ ತೆರೆಯನ್ನು ಬಿಟ್ಟು ಓಲೆಗರಿಯ ಕಡೆಗೆ ತಿರುಗಿದರೆ, ಸಂಸಾರಿಯಾದ ಬೇಹುಗಾರ ಹೊಸಬನೆಂಬ ಮಾತನ್ನು ಮೈಸೂರಿನವರಾದರೂ ಒಪ್ಪಬಾರದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ಓಲೆಗರಿಯ ಕಟ್ಟೊಂದನ್ನು ೧೯೦೫ರಲ್ಲಿ ಗುರುತಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಲೋಕಕ್ಕೆ ಸಾರಿದವರು ಅಲ್ಲಿಯ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವೂ ಅಚ್ಚಾದುವು. ಆ ಗ್ರಂಥದ ಮೊದಲನೆಯ ಅಧಿಕರಣದಲ್ಲೇ ಬೇಹಿನವರ ಪಟ್ಟಿಯಿದೆ. ಒಂದೆಡೆ ನೆಲಸಿ ಕೆಲಸಮಾಡುವವರು ಐದು ಬಗೆ: ಕಪಟ ಶಿಷ್ಯನಾದ ಕಾಪಟಿಕ, ಸಂನ್ಯಾಸದಿಂದ ಜಾರಿದ ಉದಾಸ್ಥಿತ, ಗೃಹಪತಿಕ, ವರ್ತಕನ ವೇಷದ ವೈದೇಹಕ, ತಾಪಸ. ಇವರಲ್ಲಿ ಗೃಹಪತಿಕನೆಂದರೆ ಜೀವನೋಪಾಯ ಕುಸಿದ ಒಕ್ಕಲಿಗ. ಬುದ್ಧಿಯುಳ್ಳವನು, ನಡತೆಯಲ್ಲಿ ಶುದ್ಧನಾದವನು. ಅವನಿಗೆ ನೆಲ ಕೊಟ್ಟು, ಉಳುಮೆಗೆ ಹಚ್ಚಿ, ಮನೆವಂದಿಗನಂತೆ ಬಾಳುತ್ತ ಸುತ್ತಲಿನ ಸುದ್ದಿ ತಿಳಿಸುವಂತೆ ನಿಯಮಿಸಬೇಕು ಎಂಬುದು ವಿಧಿ. ಶ್ರೀಕಾಂತ ತಿವಾರಿಯನ್ನು ಸಂಸ್ಕೃತಕ್ಕೆ ತಂದರೆ ಇದಕ್ಕಿಂತ ಹತ್ತಿರದ ಹೆಸರು ದೊರೆಯದು. ವ್ಯತ್ಯಾಸವೊಂದುಂಟು: ಕೌಟಿಲ್ಯನ ಗೃಹಪತಿಕನಿಗೆ ಸಂಸಾರವೇ ವೇಷ; ಶ್ರೀಕಾಂತನಿಗೆ ಸಂಸಾರ ವೇಷವಲ್ಲ, ಆದರೂ ಮನೆಯಲ್ಲಿ ವೇಷ ಹಾಕದೆ ವಿಧಿಯಿಲ್ಲ.

ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಜಾತಿಯ ಬೇಹುಗಾರನಿದ್ದಾನೆ. ಅವನ ಹೆಸರು ಉಭಯವೇತನ. ನಮ್ಮ ಅರಸನ ಆಳಾಗಿ, ಹೊರನೋಟಕ್ಕೆ ಹಗೆಯ ಅರಸನ ಸಂಬಳವನ್ನೂ ತಿನ್ನುವವನು ಅವನು. ಇಂಥವನನ್ನು ನೇಮಿಸುವಾಗ ಕೌಟಿಲ್ಯ ಎಚ್ಚರಿಸುವ ಸಂಗತಿ ಒಂದೇ: ಅವನ ಹೆಂಡಿರು ಮಕ್ಕಳು ನಿನ್ನ ಕೈಯಲ್ಲಿರಲಿ. ಅದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಶಾಸ್ತ್ರಕಾರನ ಮಾತಿನಲ್ಲಿ ಕ್ರೌರ್ಯದ ಸೋಂಕೂ ಇಲ್ಲ; ಲೆಕ್ಕದ ಪುಸ್ತಕದಲ್ಲಿ ಒಂದು ಬಾಬು ಬರೆದಂತೆ ಬರೆದಿದ್ದಾನೆ. ಎರಡು ಬಾಳು ಬಾಳುವವನ ಸಾಲಕ್ಕೆ ಒತ್ತೆ ಬೀಳುವುದು ಅವನ ತಲೆಯಲ್ಲ, ಮನೆ. ಇಬ್ಬಗೆಯ ಬಾಳಿನ ಕಥೆಯನ್ನು ಯಾರೇ ಬರೆಯಲಿ, ಯಾವ ಪರದೆಯ ಮೇಲೇ ತೋರಿಸಲಿ, ಅದನ್ನು ಈ ಒತ್ತೆಯ ಕಡೆಯಿಂದ ನೋಡದೆ ಬೆಲೆಕಟ್ಟಲು ಬಾರದೆಂಬುದು ನನ್ನ ಅಭಿಪ್ರಾಯ. ನಮ್ಮ ಧಾರಾವಾಹಿಗೆ ಬಂದ ವಿಮರ್ಶೆಗಳಲ್ಲಿ ನಾನು ಹುಡುಕಿ ಬಹುಮಟ್ಟಿಗೆ ಕಾಣದೆ ಹೋದದ್ದು ಇದನ್ನೇ.

ಬಂದದ್ದಾದರೂ ಏನು? ಮೊದಲ ಭಾಗಕ್ಕೆ ಹೊಗಳಿಕೆಯ ಸುರಿಮಳೆ. ನಗೆಯನ್ನೂ ಆತಂಕವನ್ನೂ ಒಂದೇ ಬಟ್ಟಲಿನಲ್ಲಿ ಬೆರೆಸಿದ ಹದವನ್ನು, ಬಾಜಪೇಯಿಯವರ ಅಭಿನಯವನ್ನು, ಒಂದೇ ಉಸಿರಿನಲ್ಲಿ ತೆಗೆದ ಉದ್ದುದ್ದನೆಯ ಕಾದಾಟದ ದೃಶ್ಯಗಳನ್ನು ಬಹುಮಂದಿ ಮೆಚ್ಚಿದರು. ಅದೇ ೨೦೧೯ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ವಿಚಾರಧಾರೆಗೆ ಸೇರಿದ 'ಪಾಂಚಜನ್ಯ' ವಾರಪತ್ರಿಕೆ ಇದನ್ನು ತೀವ್ರವಾಗಿ ಟೀಕಿಸಿತು. ಕಾಶ್ಮೀರದ ವಿಚಾರವಾಗಿ ಪಾತ್ರಗಳಾಡುವ ಕೆಲವು ಮಾತು ದೇಶಕ್ಕೆ ವಿರುದ್ಧವಾದುವೆಂಬುದು ಅದರ ಆಕ್ಷೇಪ. ಎರಡನೆಯ ಭಾಗದ ಹೊತ್ತಿಗೆ ಆಕ್ಷೇಪ ಬೇರೊಂದು ದಿಕ್ಕಿನಿಂದ ಬಂತು. ೨೦೨೧ರ ಮೇ ತಿಂಗಳಲ್ಲಿ ಮುನ್ನೋಟ ಹೊರಬಿದ್ದೊಡನೆಯೇ, ಈಳಂ ತಮಿಳರನ್ನು ಭಯೋತ್ಪಾದಕರೆಂಬಂತೆ ಚಿತ್ರಿಸಲಾಗಿದೆಯೆಂದು ತಮಿಳುನಾಡಿನಲ್ಲಿ ಪ್ರತಿಭಟನೆ ಎದ್ದಿತು. ಅದನ್ನು ತಡೆಯಬೇಕೆಂದು ಆ ರಾಜ್ಯದ ಸಚಿವರು ಕೇಂದ್ರಕ್ಕೆ ಕಾಗದ ಬರೆದರು. ಒಂದೆರಡು ದೃಶ್ಯದ ತುಣುಕು ನೋಡಿ ತೀರ್ಪು ಕೊಡಬೇಡಿ, ಇಡಿಯಾಗಿ ನೋಡಿ ಎಂದು ನಿರ್ದೇಶಕರು ಬೇಡಿಕೊಂಡರು. ಬಂಡಾಯಗಾರ್ತಿ ರಾಜಿಯ ಪಾತ್ರಕ್ಕಾಗಿ ಸಮಂತಾ ಅವರ ಮೈಬಣ್ಣವನ್ನು ಕಪ್ಪಾಗಿಸಿದ್ದೂ ಚರ್ಚೆಗೆ ಬಂತು, ಅದು ನ್ಯಾಯವಾಗಿಯೇ ಬಂತು. ಕಡೆಗೆ ಅಭಿನಯ ಎಲ್ಲರ ಬಾಯನ್ನೂ ಕಟ್ಟಿತೆನ್ನಬೇಕು: ಆ ವರ್ಷದ ಫಿಲ್ಮ್‌ಫೇರ್ ಓಟಿಟಿ ಪ್ರಶಸ್ತಿಗಳು ಬಾಜಪೇಯಿಯವರಿಗೂ ಸಮಂತಾರಿಗೂ ಸಂದುವು.

ಈ ವಾದಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಒಂದು ಜನಾಂಗದ ನೋವನ್ನು ರೋಚಕ ಕಥೆಯ ಕಚ್ಚಾ ಸಾಮಗ್ರಿಯಾಗಿ ಬಳಸುವಾಗ ಆ ಜನ ಕೇಳುವುದು ಸಹಜ. ಆದರೂ ಒಂದು ಕಡೆಯವರು ಇದನ್ನು ದೇಶಕ್ಕೆ ಸಾಲದಷ್ಟು ನಿಷ್ಠೆಯುಳ್ಳದ್ದೆಂದರು, ಇನ್ನೊಂದು ಕಡೆಯವರು ಅತಿನಿಷ್ಠೆಯದೆಂದರು. ಇಬ್ಬರೂ ನೋಡಿದ್ದು ಶಿಖರವನ್ನು. ಗರ್ಭಗುಡಿಯಲ್ಲಿ ಒಬ್ಬಳು ಹೆಂಗಸು ಕುಳಿತಿದ್ದಳು.

ಅವಳನ್ನು ನೋಡಿದವರಿಲ್ಲವೆಂದಲ್ಲ. ನೋಡಿದವರು ಸಾಮಾನ್ಯ ಪ್ರೇಕ್ಷಕರು. ನೋಡಿದ ಬಗೆಯನ್ನು ಹೇಳಿದರೆ ನಾಚಿಕೆಯಾಗುವುದು. ಕಥೆಯಲ್ಲಿ ಸುಚಿ ಕಾಲೇಜಿನಲ್ಲಿ ಪಾಠ ಹೇಳುವವಳು. ಅದನ್ನು ಬಿಟ್ಟು ಒಂದು ಹೊಸ ಸಂಸ್ಥೆಗೆ ಸೇರುತ್ತಾಳೆ. ಅಲ್ಲಿ ಅರವಿಂದನೆಂಬ ಸಹೋದ್ಯೋಗಿ ಅವಳ ಮಾತನ್ನು ಕೇಳುತ್ತಾನೆ, ಅವಳಿಗೂ ಒಂದು ಬುದ್ಧಿಯಿದೆಯೆಂದು ನಡೆದುಕೊಳ್ಳುತ್ತಾನೆ. ಒಮ್ಮೆ ಅವರಿಬ್ಬರೂ ಕೆಲಸದ ನಿಮಿತ್ತ ಲೋಣಾವಳದಲ್ಲಿ ತಂಗುವರು. ಅಲ್ಲಿ ಏನು ನಡೆಯಿತೆಂಬುದನ್ನು ನಿರ್ದೇಶಕರು ತೋರಿಸಲಿಲ್ಲ. ಅಷ್ಟೇ ಸಾಕಾಯಿತು. ಲೋಣಾವಳದಲ್ಲಿ ಏನಾಯಿತು ಎಂಬ ಪ್ರಶ್ನೆ ದೇಶದ ಉದ್ದಗಲಕ್ಕೂ ಹಬ್ಬಿತು. ಅದು ಪ್ರಿಯಾಮಣಿಯವರ ಬೆನ್ನನ್ನೂ ಬಿಡಲಿಲ್ಲ; ಪಾತ್ರದ ಮೇಲಿನ ಸಿಟ್ಟನ್ನು ಪಾತ್ರಧಾರಿಣಿ ಉಣ್ಣಬೇಕಾಯಿತೆಂಬುದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. (೨೦೧೨ರ 'ಚಾರುಲತಾ' ಚಿತ್ರದಲ್ಲಿ ದೇಹ ಅಂಟಿಕೊಂಡು ಹುಟ್ಟಿದ ಅವಳಿಗಳ ಪಾತ್ರವನ್ನು ಒಬ್ಬರೇ ವಹಿಸಿದ ನಟಿ ಇವರು. ಎರಡು ಬಾಳನ್ನು ಒಂದು ಮೈಯಲ್ಲಿ ಹೊರುವುದು ಅವರಿಗೆ ಹೊಸದಲ್ಲ.)

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗಂಡ ಕಂತುಕಂತಿಗೂ ಸುಳ್ಳು ಹೇಳುತ್ತಾನೆ. ಎಲ್ಲಿದ್ದೇನೆಂಬುದು ಸುಳ್ಳು, ಏಕೆ ತಡವಾಯಿತೆಂಬುದು ಸುಳ್ಳು. ಮಗಳ ಶಾಲೆಗೆ ಹೋಗಬೇಕಾದ ಹೊತ್ತಿನಲ್ಲಿ ಇಲ್ಲ, ಹೆಂಡತಿಯ ಬೇಸರಕ್ಕೆ ಕಿವಿಗೊಡಬೇಕಾದ ಹೊತ್ತಿನಲ್ಲಿ ಇಲ್ಲ. ಅದನ್ನೆಲ್ಲ ಪ್ರೇಕ್ಷಕ ನಕ್ಕು ಕ್ಷಮಿಸುತ್ತಾನೆ. ಏಕೆಂದರೆ ಅವನಿಗೆ ಕಾರಣ ಗೊತ್ತು, ಸುಚಿಗೆ ಗೊತ್ತಿಲ್ಲ. ನಾವು ಗಂಡನ ಹೆಗಲಮೇಲೆ ಕುಳಿತು ಕಥೆಯನ್ನು ನೋಡುವೆವು. ಸುಚಿ ಮಾತ್ರ ಬಾಗಿಲ ಹೊರಗೆ. ಅವಳ ಪಾಲಿಗೆ ಇರುವುದು ಸದಾ ತಡವಾಗಿ ಬರುವ, ಕೇಳಿದ್ದಕ್ಕೆ ಹಾರಿಸಿ ಉತ್ತರ ಕೊಡುವ ಒಬ್ಬ ಗಂಡಸು. ಅವಳು ಒಂದೇ ಒಂದು ಗುಟ್ಟನ್ನು ಇಟ್ಟುಕೊಂಡಳು. ಅದು ಏನೆಂದು ನಮಗೆ ಹೇಳಲಿಲ್ಲ. ಗಂಡನ ನೂರು ಗುಟ್ಟಿಗೆ ಸಾಕ್ಷಿಯಾಗಿದ್ದ ನಮಗೆ ಹೆಂಡತಿಯ ಒಂದು ಗುಟ್ಟು ಸಹಿಸದಾಯಿತು. ನಿರ್ದೇಶಕರು ಬೇಕೆಂದೇ ಈ ಪರೀಕ್ಷೆಯನ್ನು ಒಡ್ಡಿದರೆ ಅದು ಅವರ ಜಾಣ್ಮೆ. ಬೇಡದೆಯೇ ಒಡ್ಡಿದರೆ ಅದೃಷ್ಟ. ಎರಡರಲ್ಲಿ ಯಾವುದಾದರೂ ನಾವು ಅದರಲ್ಲಿ ತೇರ್ಗಡೆಯಾಗಲಿಲ್ಲ.

ನಮ್ಮ ಹಿರಿಯರು ಇಂಥ ಕಥೆಯನ್ನು ಕೇಳಬಲ್ಲವರಾಗಿದ್ದರು. ಮಳೆ ಕೈಕೊಟ್ಟಾಗ ವಿರಾಟಪರ್ವವನ್ನು ಓದಿಸುವುದು ಕನ್ನಡನಾಡಿನ ಹಳೆಯ ಪದ್ಧತಿ. ವಿರಾಟಪರ್ವವೆಂದರೇನು? ವೇಷ ಮರೆಸಿದ ಆರು ಜನರ ಒಂದು ವರ್ಷದ ಬಾಳು. ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷದ ವನವಾಸ. ಅರ್ಜುನ ಬೃಹನ್ನಳೆಯಾದದ್ದನ್ನು, ಭೀಮ ಬಾಣಸಿಗನಾದದ್ದನ್ನು ಕೇಳಿ ಜನ ನಗುವರು, ಅದೂ ವಿನೋದವೇ. ಆದರೆ ಕೀಚಕ ಸೈರಂಧ್ರಿಯನ್ನು ತುಂಬಿದ ಸಭೆಯಲ್ಲಿ ಒದೆಯುವಾಗ ನಗೆ ನಿಲ್ಲುತ್ತದೆ. ಭೀಮನ ಕಣ್ಣು ಮರವೊಂದರ ಕಡೆಗೆ ಹೊರಳುತ್ತದೆ. ಧರ್ಮರಾಯ ಸನ್ನೆಯಿಂದ ತಡೆಯುತ್ತಾನೆ. ಗಂಡಂದಿರು ಎದುರಿಗೇ ಇದ್ದಾರೆ, ಇದ್ದೂ ಇಲ್ಲ. ಗುಟ್ಟು ಉಳಿಯಬೇಕಾದರೆ ಹೆಂಡತಿ ಒದೆ ತಿನ್ನಬೇಕು. ಅಜ್ಞಾತವಾಸದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಆ ಕಥೆ ಮರೆಮಾಚುವುದಿಲ್ಲ. ಓದುವವರ ದನಿ ಅಲ್ಲಿ ತಾನಾಗಿಯೇ ತಗ್ಗುತ್ತದೆ. ಕೇಳುವವರಲ್ಲಿ ದ್ರೌಪದಿಯ ಮೇಲೆ ತಪ್ಪು ಹೊರಿಸಿದವರನ್ನು ನಾನು ಕಂಡಿಲ್ಲ.

ಗೂಢಚಾರರ ನಾಟಕವೆಂದೇ ಪ್ರಸಿದ್ಧವಾದ ವಿಶಾಖದತ್ತನ 'ಮುದ್ರಾರಾಕ್ಷಸ'ವನ್ನೂ ಇಲ್ಲಿ ನೆನೆಯಬೇಕು. ಏಳು ಅಂಕಗಳ ಆ ನಾಟಕದಲ್ಲಿ ಪ್ರಣಯವಿಲ್ಲ, ನಾಯಿಕೆಯಿಲ್ಲ. ಚಾಣಕ್ಯನ ತಂತ್ರ, ರಾಕ್ಷಸನ ಪ್ರತಿತಂತ್ರ ಇಷ್ಟೇ. ಹೀಗೆಂದು ಪಾಠ ಹೇಳುವುದು ವಾಡಿಕೆ. ನಿಜ, ಆದರೆ ಇಡೀ ತಂತ್ರಕ್ಕೆ ಕೀಲಿಯಾದ ಆ ಮುದ್ರೆಯುಂಗುರ ಚಾಣಕ್ಯನ ಕೈಗೆ ಬಂದ ಬಗೆಯನ್ನು ನೋಡಿರಿ. ರಾಕ್ಷಸ ಊರು ಬಿಟ್ಟುಹೋಗುವಾಗ ಹೆಂಡತಿಯನ್ನೂ ಮಗುವನ್ನೂ ಗೆಳೆಯ ಚಂದನದಾಸನ ಮನೆಯಲ್ಲಿ ಬಚ್ಚಿಟ್ಟಿದ್ದಾನೆ. ಯಮಪಟವನ್ನು ತೋರಿಸುತ್ತ ಹಾಡುತ್ತ ಮನೆಮನೆ ತಿರುಗುವ ಭಿಕ್ಷುಕನ ವೇಷದಲ್ಲಿ ಚಾಣಕ್ಯನ ಚಾರ ನಿಪುಣಕ ಆ ಮನೆಗೆ ಹೋಗುತ್ತಾನೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಹಗಲುವೇಷದವರು ಬಾಗಿಲಿಗೆ ಬಂದರೆ ಮಕ್ಕಳು ಓಡಿಬರುವಂತೆಯೇ ಅಲ್ಲಿಯೂ ಐದು ವರ್ಷದ ಮಗುವೊಂದು ಕುತೂಹಲದಿಂದ ಹೊರಗೆ ಓಡಿಬರುತ್ತದೆ. ಒಳಗೆ ಹೆಂಗಸರ ಗಾಬರಿ. ಬಾಗಿಲ ಮರೆಯಿಂದ ಒಂದು ಕೈ ಚಾಚಿ ಮಗುವನ್ನು ಹಿಡಿದು ಒಳಗೆ ಎಳೆಯುತ್ತದೆ. ಗಂಡಸಿನ ಬೆರಳಿನ ಅಳತೆಯ ಉಂಗುರ ಆ ಕೈಯಿಂದ ಜಾರಿ ಉರುಳಿ ನಿಪುಣಕನ ಕಾಲಬಳಿ ಬಂದು ನಿಲ್ಲುತ್ತದೆ. ರಾಜ್ಯವೊಂದರ ಗತಿ ತಿರುಗಿದ್ದು ಅಲ್ಲಿ, ತಾಯಿಯೊಬ್ಬಳು ಮಗುವಿಗೆ ಕೈ ಚಾಚಿದ ಆ ಗಳಿಗೆಯಲ್ಲಿ. ಕೌಟಿಲ್ಯನ ಶಾಸ್ತ್ರ ಹೆಂಡಿರು ಮಕ್ಕಳನ್ನು ಒತ್ತೆಯೆಂದಿತು. ವಿಶಾಖದತ್ತ ಅದನ್ನು ಕಣ್ಣಿಗೆ ಕಟ್ಟಿಸಿದ.

ಅದೇ ನಾಟಕದ ಐದನೆಯ ಅಂಕದಲ್ಲಿ ಇನ್ನೊಂದು ಗಳಿಗೆಯಿದೆ. ಭಾಗುರಾಯಣನೆಂಬವನು ಚಾಣಕ್ಯನ ಕಡೆಯವನು. ಹಗೆಯ ರಾಜಕುಮಾರ ಮಲಯಕೇತುವಿನ ಆಪ್ತಸ್ನೇಹಿತನಾಗಿ ನಟಿಸುತ್ತಿದ್ದಾನೆ. ಕುಮಾರನನ್ನು ಕೊನೆಯ ಬಲೆಗೆ ಕೆಡವುವ ಹೊತ್ತು ಬಂದಾಗ ಆತ ತನ್ನಲ್ಲಿಯೇ ನೊಂದುಕೊಳ್ಳುವನು: ನನ್ನನ್ನು ಇಷ್ಟು ಪ್ರೀತಿಸುವವನನ್ನು ವಂಚಿಸಬೇಕಾಯಿತಲ್ಲ, ಇದೆಷ್ಟು ಕಷ್ಟ ಎಂದು. ಮರುಕ್ಷಣವೇ, ಸಂಬಳಕ್ಕೆ ಮೈಯನ್ನು ಮಾರಿಕೊಂಡ ಪರಾಧೀನನಿಗೆ ಇಂಥ ವಿಚಾರವೇಕೆ ಎಂದು ಮನಸ್ಸನ್ನು ಮುಚ್ಚಿಬಿಡುವನು. ಅಷ್ಟೇ. ನಾಟಕ ಮುಂದೆ ಸಾಗುತ್ತದೆ. ಒಂದು ಸ್ವಗತ, ನಾಲ್ಕಾರು ಸಾಲು.

ಕನ್ನಡದಲ್ಲಿ ಈ ಕಥೆಗೆ ಒದಗಿದ ಗತಿಯೂ ವಿಚಾರಾರ್ಹ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೨೩ರಲ್ಲಿ, ಕೆಂಪುನಾರಾಯಣ ಕವಿ ಇದನ್ನು 'ಮುದ್ರಾಮಂಜೂಷ'ವೆಂಬ ಗದ್ಯಕಥೆಯಾಗಿ ಬರೆದ. ಅಂದಿನಿಂದ ಇಂದಿನವರೆಗೆ ನಮ್ಮ ಪಂಡಿತರು ಆ ಗ್ರಂಥವನ್ನು ಕುರಿತು ಆಡಿರುವ ಮಾತು ಹೆಚ್ಚಾಗಿ ಅದರ ಭಾಷೆಯನ್ನು ಕುರಿತದ್ದು: ಹಳೆಯ ಗದ್ಯಕ್ಕೂ ಹೊಸ ಗದ್ಯಕ್ಕೂ ನಡುವಣ ಸೇತುವೆ ಅದು, ಕಾದಂಬರಿಯ ಮುಂಬೆಳಕು ಹೌದೋ ಅಲ್ಲವೋ ಎಂದು. ಬೆಲೆಯುಳ್ಳ ಚರ್ಚೆಯೇ ಸರಿ. ಆದರೂ ಬೇಹುಗಾರರಿಂದ ಕಿಕ್ಕಿರಿದ ಪುಸ್ತಕವೊಂದನ್ನು ಎರಡು ಶತಮಾನ ಓದಿ, ಅದರ ಬೇಹುಗಾರರ ಮನಸ್ಸನ್ನು ಕುರಿತು ನಾವು ಆಡಿದ ಮಾತು ಅತಿ ಕಡಮೆ. ಮುಂದೆ ೧೯೯೧ರಲ್ಲಿ ಚಂದ್ರಪ್ರಕಾಶ ದ್ವಿವೇದಿಯವರ 'ಚಾಣಕ್ಯ' ದೂರದರ್ಶನದಲ್ಲಿ ಬಂದಾಗಲೂ ಹಾಗೆಯೇ. ಅದು ಹಿಂದಣ ಕಾಲಕ್ಕೆ ಇಂದಿನ ರಾಷ್ಟ್ರೀಯತೆಯನ್ನು ಹೊದಿಸುತ್ತಿದೆಯೇ ಎಂಬುದರ ಸುತ್ತಲೇ ವಾದ ನಡೆಯಿತು.

ಭಾಗುರಾಯಣನ ಆ ನಾಲ್ಕಾರು ಸಾಲನ್ನು ಎಪ್ಪತ್ತೈದು ಕಂತಿಗೆ ಹಿಗ್ಗಿಸಿದರೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕಡೆಗೆ ನೋಡಬೇಕು. 'ದಿ ಅಮೆರಿಕನ್ಸ್' ಎಂಬ ಧಾರಾವಾಹಿ ಎಫ್ಎಕ್ಸ್ ವಾಹಿನಿಯಲ್ಲಿ ೨೦೧೩ರಿಂದ ೨೦೧೮ರವರೆಗೆ ಆರು ಭಾಗಗಳಾಗಿ ಬಂತು. ಬರೆದ ಜೋ ವೈಸ್‌ಬರ್ಗ್ ಹಿಂದೆ ಸಿಐಎಯಲ್ಲಿ ಕೆಲಸ ಮಾಡಿದ್ದವರು. ಸಾಮಾನ್ಯ ಅಮೆರಿಕನ್ನರಂತೆ ವರ್ಷಗಟ್ಟಲೆ ಬಾಳಿದ್ದ ರಷ್ಯದ ಬೇಹಿನವರು ಹತ್ತು ಮಂದಿ ೨೦೧೦ರಲ್ಲಿ ಸೆರೆಸಿಕ್ಕಿದ್ದು ಕಥೆಗೆ ಪ್ರೇರಣೆ. ಕಥೆಯ ಕಾಲವನ್ನು ಮಾತ್ರ ೧೯೮೦ರ ದಶಕಕ್ಕೆ, ರೇಗನ್ನರ ದಿನಗಳಿಗೆ ಹಿಂದಕ್ಕೆ ಒಯ್ದಿದ್ದಾರೆ. ಫಿಲಿಪ್, ಎಲಿಜಬೆತ್ ಜೆನಿಂಗ್ಸ್ ಎಂಬ ದಂಪತಿಗಳು ವಾಷಿಂಗ್‌ಟನ್ ಬಳಿಯ ಬಡಾವಣೆಯಲ್ಲಿ ಪ್ರವಾಸಿ ಏಜೆನ್ಸಿ ನಡೆಸುತ್ತಾರೆ. ಅವರ ಮದುವೆಯನ್ನು ಗೊತ್ತುಮಾಡಿದ್ದು ಮಾಸ್ಕೋದ ಕೆಜಿಬಿ. ಇಬ್ಬರು ಮಕ್ಕಳು ಅಮೆರಿಕದಲ್ಲಿ ಹುಟ್ಟಿದವರು. ಅವರಿಗೆ ಏನೂ ತಿಳಿಯದು. ಎದುರುಮನೆಗೆ ಬಂದು ನೆಲಸಿದ ಸ್ಟ್ಯಾನ್ ಬೀಮನ್ ಬೇಹಿನವರನ್ನು ಹಿಡಿಯುವ ಎಫ್‌ಬಿಐ ಅಧಿಕಾರಿ, ಕಾಲಕ್ರಮದಲ್ಲಿ ಫಿಲಿಪ್ಪನ ಪರಮಮಿತ್ರ.

ಇಲ್ಲಿ ಮನೆಯೇ ವೇಷ, ಕೌಟಿಲ್ಯನ ಗೃಹಪತಿಕನದರಂತೆ. ಆದರೆ ವೇಷಕ್ಕೆಂದು ಕಟ್ಟಿದ ಮನೆಯಲ್ಲಿ ನಿಜವಾದ ಗಂಡಹೆಂಡಿರು ಹುಟ್ಟಿಕೊಳ್ಳುತ್ತಾರೆ. ಕಥೆಯ ಹುರುಳು ಇದೇ. ಇದು ಮೂಲತಃ ಒಂದು ದಾಂಪತ್ಯದ ಕಥೆಯೆಂದು ವೈಸ್‌ಬರ್ಗರು ಹೇಳಿರುವುದುಂಟು. ಫಿಲಿಪ್ ಮತ್ತೊಂದು ಹೆಸರು ಧರಿಸಿ ಎಫ್‌ಬಿಐ ಕಚೇರಿಯ ಕಾರ್ಯದರ್ಶಿ ಮಾರ್ಥಾಳನ್ನೂ ಮದುವೆಯಾಗುತ್ತಾನೆ, ಕಚೇರಿಯ ಗುಟ್ಟಿಗಾಗಿ. ಆ ಸಾಧುಸ್ವಭಾವದ ಹೆಂಗಸು ಅವನನ್ನು ನಂಬಿ ಎಲ್ಲವನ್ನೂ ಕಳೆದುಕೊಂಡು ಗುರುತಿಲ್ಲದ ದೇಶಕ್ಕೆ ಹೊರಡುವ ಕಂತುಗಳನ್ನು ನೋಡಿದವರು ಮರೆಯಲಾರರು. ಮಾರ್ಥಾಳ ಪ್ರಸಂಗ ಭಾಗುರಾಯಣನ ಸ್ವಗತವೇ. ಇಲ್ಲಿ ಮಾತ್ರ ಮನಸ್ಸನ್ನು ಮುಚ್ಚಿಬಿಡಲು ಅವಕಾಶವಿಲ್ಲ.

ಅಲ್ಲಿಯ ವಿಮರ್ಶೆಯ ಕಥೆಯೂ ಕುತೂಹಲಕರವಾದುದು. ನೋಡುವವರು ಎಂದೂ ಹೆಚ್ಚಿರಲಿಲ್ಲ. ಎಮ್ಮಿ ಪ್ರಶಸ್ತಿಯವರು ಮೊದಲ ವರ್ಷಗಳಲ್ಲಿ ಇದನ್ನು ಹೆಚ್ಚಾಗಿ ಲಕ್ಷಿಸಲಿಲ್ಲ. ಶ್ರೇಷ್ಠ ಧಾರಾವಾಹಿಯ ಸ್ಪರ್ಧೆಗೆ ಹೆಸರು ಬಂದದ್ದು ೨೦೧೬ರಲ್ಲಿ, ನಾಲ್ಕನೆಯ ಭಾಗಕ್ಕೆ. ಆದರೂ ಪತ್ರಿಕೆಗಳ ವಿಮರ್ಶಕರು ವರ್ಷವರ್ಷವೂ ಬಿಡದೆ ಬರೆದರು. ಅವರು ಬರೆದದ್ದು ಬೆನ್ನಟ್ಟುವಿಕೆಯನ್ನೂ ವೇಷದ ಕೂದಲನ್ನೂ ಕುರಿತು ಮಾತ್ರವಲ್ಲ. ಮಗಳು ಪೇಜ್‌ಗೆ ನಿಜ ತಿಳಿದ ಮೇಲೆ ಆ ಊಟದ ಮೇಜಿನ ಮೌನ ಹೇಗೆ ಬದಲಾಯಿತು, ನಿಷ್ಠೆಯಲ್ಲಿ ಗಟ್ಟಿಯಾದ ಎಲಿಜಬೆತ್ ಯಾವ ಕಂತಿನಲ್ಲಿ ಎಷ್ಟು ಕರಗಿದಳು ಎಂಬುದನ್ನು. ಪ್ರತಿ ವಾರ ಒಂದೊಂದು ಕಂತು ಬರುತ್ತಿದ್ದುದರಿಂದ ಅವರಿಗೆ ನಿಂತು ನೋಡಲು ಪುರುಸೊತ್ತೂ ಇತ್ತು. ನಮ್ಮ ಧಾರಾವಾಹಿಯ ಹತ್ತು ಕಂತು ಒಂದೇ ದಿನ ಕೈಗೆ ಬಂದರೆ, ಬೆಳಗಾಗುವುದರೊಳಗೆ ನೋಡಿ ಮುಗಿಸಿ ನಕ್ಷತ್ರಗಳನ್ನು ಎಣಿಸಿ ಕೊಡಬೇಕಾದ ವಿಮರ್ಶಕ ಏನು ತಾನೆ ಮಾಡಿಯಾನು? ಕಡೆಗೆ ೨೦೧೮ರಲ್ಲಿ ಫಿಲಿಪ್ಪನ ಪಾತ್ರ ವಹಿಸಿದ ಮ್ಯಾಥ್ಯೂ ರೀಸ್ ಅವರಿಗೂ, ಕೊನೆಯ ಕಂತನ್ನು ಬರೆದ ವೈಸ್‌ಬರ್ಗ್, ಜೋಯೆಲ್ ಫೀಲ್ಡ್ಸ್ ಅವರಿಗೂ ಎಮ್ಮಿ ಬಂತು. ೨೦೧೯ರ ಜನವರಿಯಲ್ಲಿ ಶ್ರೇಷ್ಠ ಧಾರಾವಾಹಿಯೆಂದು ಗೋಲ್ಡನ್ ಗ್ಲೋಬ್ ಬಂತು. ಆಗ ಧಾರಾವಾಹಿ ಮುಗಿದುಹೋಗಿತ್ತು.

ಆ ಕೊನೆಯ ಕಂತಿನಲ್ಲಿ ಗುಂಡಿನ ಸದ್ದಿಲ್ಲ. ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ಸ್ಟ್ಯಾನ್ ತನ್ನ ಗೆಳೆಯನನ್ನೂ ಅವನ ಹೆಂಡತಿ ಮಗಳನ್ನೂ ತಡೆದು ನಿಲ್ಲಿಸುತ್ತಾನೆ, ಕೈಯಲ್ಲಿ ಪಿಸ್ತೂಲು. ಹತ್ತು ನಿಮಿಷಕ್ಕೂ ಮಿಗಿಲಾಗಿ ಅಲ್ಲಿ ನಡೆಯುವುದು ಮಾತು. ಕೊನೆಗೆ ಆತ ದಾರಿ ಬಿಡುತ್ತಾನೆ. ದಂಪತಿಗಳು ಮಗನನ್ನು ಅಮೆರಿಕದಲ್ಲೇ ಬಿಟ್ಟು ಹೊರಡುತ್ತಾರೆ. ಗಡಿ ದಾಟುವ ಮುನ್ನ ರೈಲು ಚಲಿಸುವಾಗ, ಮಗಳು ಹೇಳದೆ ಕೇಳದೆ ಇಳಿದು ವೇದಿಕೆಯ ಮೇಲೆ ನಿಂತಿರುವುದು ಕಿಟಕಿಯಲ್ಲಿ ಕಾಣುತ್ತದೆ. ಒತ್ತೆಯಿಟ್ಟದ್ದನ್ನು ಬಿಡಿಸಿಕೊಳ್ಳಲಾಗಲಿಲ್ಲ.

ಇದರ ಪಕ್ಕಕ್ಕೆ 'ಫ್ಯಾಮಿಲಿ ಮ್ಯಾನ್' ಅನ್ನು ಇಟ್ಟು ತೂಗುವುದು ಅನ್ಯಾಯವೆನ್ನಬಹುದು. ಒಂದು ಹೊಟ್ಟೆತುಂಬ ನಗಿಸುವ ಕಥೆ, ಇನ್ನೊಂದು ನಗುವೇ ಇಲ್ಲದ್ದು. ನನಗೆ ಆ ನಗೆಯ ಮೇಲೆ ಮುನಿಸಿಲ್ಲ. ಗುಪ್ತದಳವನ್ನು ಬಿಟ್ಟು ಕಂಪ್ಯೂಟರ್ ಕಂಪೆನಿಗೆ ಸೇರಿದ ಶ್ರೀಕಾಂತನನ್ನು ವಯಸ್ಸಿನಲ್ಲಿ ಬಹಳ ಕಿರಿಯನಾದ ಮೇಲಧಿಕಾರಿ ಬೋಧಿಸುವ ಎರಡನೆಯ ಭಾಗದ ದೃಶ್ಯಗಳು ನಮ್ಮ ಬೆಂಗಳೂರಿನವರಿಗೆ ಟಿಪ್ಪಣಿಯಿಲ್ಲದೆ ಅರ್ಥವಾಗುತ್ತವೆ. ಕಷ್ಟವೆಂದರೆ ನಗೆ ಅನೇಕ ಕಡೆ ಸಾಲ ತೀರಿಸದೆ ಜಾರಿಕೊಳ್ಳುವ ಉಪಾಯವಾಗಿಬಿಡುತ್ತದೆ. ಸುಳ್ಳು ಗಟ್ಟಿಯಾಗಿ ನಾಟುವ ಹೊತ್ತಿಗೆ ಒಂದು ಚಟಾಕಿ ಹಾರುತ್ತದೆ, ದೃಶ್ಯ ಬದಲಾಗುತ್ತದೆ.

ಎರಡನೆಯ ಭಾಗದ ಕೊನೆಯಲ್ಲಿ ಮಾತ್ರ ಅದು ಜಾರಿಕೊಳ್ಳಲಿಲ್ಲ. ಮಗಳು ಧೃತಿಯನ್ನು ಪ್ರೀತಿಸುವಂತೆ ನಟಿಸಿದ ಹುಡುಗನೊಬ್ಬ ಅವಳನ್ನು ಮೋಸದಿಂದ ಕೊಂಡೊಯ್ಯುತ್ತಾನೆ. ಅಪ್ಪನ ಮೇಲಣ ಹಗೆ ತೀರಿಸಿಕೊಳ್ಳಲು. ಅಪ್ಪ ಹೊರಗೆ ಮಾಡುತ್ತಿದ್ದ ಕೆಲಸವನ್ನೇ ಇನ್ನೊಬ್ಬ ಅವನ ಮನೆಯೊಳಗೆ ಮಾಡಿದ. ವೇಷದವನು ಬಾಗಿಲಿಗೆ ಬಂದ, ಮಗು ಹೊರಗೆ ಓಡಿತು. ಈ ಸಾಮ್ಯವನ್ನು ಎತ್ತಿ ತೋರಿಸಿದ ವಿಮರ್ಶೆಯೊಂದನ್ನೂ ನಾನು ಓದಲಿಲ್ಲ. ಸಮಂತಾರ ಕಾದಾಟವನ್ನು ಕುರಿತು ಓದಿದ್ದಕ್ಕೆ ಲೆಕ್ಕವಿಲ್ಲ. ಮೂರನೆಯ ಭಾಗ ಬಂದಾಗ, ಕಥೆ ನಡುವೆಯೇ ಕಡಿದುಹೋಯಿತು, ಮುಂದಿನದಕ್ಕೆ ಇನ್ನೆಷ್ಟು ವರ್ಷ ಕಾಯಬೇಕು ಎಂಬುದೇ ಮುಖ್ಯ ದೂರಾಯಿತು.

ಎರಡನೆಯ ಭಾಗದ ಕೊನೆಯ ದೃಶ್ಯಗಳಲ್ಲೊಂದನ್ನು ನಾನು ಮತ್ತೊಮ್ಮೆ ನೋಡಿದೆ. ಮಗಳು ಮನೆಗೆ ಬಂದಿದ್ದಾಳೆ. ಗಂಡಹೆಂಡಿರು ಇಬ್ಬರೇ ಇದ್ದಾರೆ. ಸುಚಿ ಏನನ್ನೋ ಹೇಳಹೊರಡುತ್ತಾಳೆ, ಮಾತು ಬರುವುದಿಲ್ಲ, ಅಳು ಬರುತ್ತದೆ. ಶ್ರೀಕಾಂತ ಅವಳನ್ನೇ ನೋಡುತ್ತಿದ್ದಾನೆ. ಜನರ ಬಾಯ ಗುಟ್ಟು ಬಿಡಿಸುವುದೇ ಅವನ ಕಸುಬು. ಆದರೂ ಈಗ ಅವನು ಏನನ್ನೂ ಕೇಳುವುದಿಲ್ಲ. ದೃಶ್ಯ ಅಲ್ಲಿಗೆ ನಿಂತಿತು. ಲೋಣಾವಳದ ಪ್ರಶ್ನೆಗೆ ಈ ಸಲವೂ ಉತ್ತರ ಸಿಕ್ಕಲಿಲ್ಲವೆಂದು ಮರುದಿನ ಜನ ಬೇಸರಪಟ್ಟುಕೊಂಡರು.